ಮೇಲೇಳುವಾಗ ಎಂಜಿನ್ ಕೈಕೊಟ್ಟರೆ, ಮೊದಲು ಮೂತಿ ಕೆಳಗೆ

ರನ್‌ವೇ ಮೇಲೆ ನಿಂತು ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ತಳ್ಳುವ ಮುಂಚೆ ನಾನು ಮೂರು ಮಾತು ಜೋರಾಗಿ ಹೇಳುತ್ತೇನೆ. "ನೆಲ ಬಿಡುವ ಮುಂಚೆ ಏನೋ ಸರಿಯಿಲ್ಲ ಅನ್ನಿಸಿದರೆ ಥ್ರಾಟಲ್ ಎಳೆದು ನಿಲ್ಲಿಸ್ತೀನಿ. ಮೇಲೆದ್ದ ಮೇಲೆ ಮುಂದೆ ರನ್‌ವೇ ಉಳಿದಿದ್ದರೆ ಅಲ್ಲೇ ಇಳಿಸ್ತೀನಿ. ಇಲ್ಲದಿದ್ದರೆ ಮೂತಿ ಕೆಳಗೆ, ಎದುರಿಗಿರೋ ಬಯಲಿಗೆ ಹೋಗ್ತೀನಿ, ಹಿಂದೆ ತಿರುಗಲ್ಲ."

ಒಬ್ಬಳೇ ಇದ್ದರೂ ಹೇಳುತ್ತೇನೆ. ಎಂಜಿನ್ ನಿಂತಾಗ ಮೊದಲ ಮೂರು ನಾಲ್ಕು ಸೆಕೆಂಡು ಅದನ್ನು ನಂಬುವುದರಲ್ಲೇ ಕಳೆದುಹೋಗುತ್ತದೆ. ತೀರ್ಮಾನ ಮೊದಲೇ ಆಗಿರಬೇಕು.

ನಾನು ಹಾರಿಸುವುದು, ಕಲಿಸುವುದು ಸೆಸ್ನಾ 172ಎಸ್ ಅನ್ನುವ ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಇಲ್ಲಿನ ಅಂಕಿಗಳು ಅದರವು. ನಿಮ್ಮ ವಿಮಾನಕ್ಕೆ ಅದರ ಕೈಪಿಡಿಯನ್ನೇ ನೋಡಿ.

ಹೊರಡುವ ಮುಂಚೆ ಇಂಧನವನ್ನು ಪ್ರತಿ ಡ್ರೇನ್‌ನಿಂದಲೂ (ತಳದಲ್ಲಿರುವ ಪುಟ್ಟ ನಲ್ಲಿ) ಕಪ್ಪಿಗೆ ತೆಗೆದು ನೋಡಿ. ನೀರು ತಳದಲ್ಲಿ ಕೂತಿರುತ್ತದೆ. ಕಪ್ಪಿನ ತುಂಬ ನೀರೇ ಬಂದರೆ ನಡುವೆ ಗೆರೆ ಕಾಣುವುದಿಲ್ಲ, ಅದಕ್ಕೇ ಬಣ್ಣ ನೋಡಬೇಕು. ಈ ವಿಮಾನದ ಪೆಟ್ರೋಲ್ ಆದ 100ಎಲ್‌ಎಲ್ ತಿಳಿ ನೀಲಿ. ಫ್ಯೂಯಲ್ ಸೆಲೆಕ್ಟರ್ 'ಬೋತ್'ನಲ್ಲಿರಲಿ, ಅಂದರೆ ಎರಡೂ ಟ್ಯಾಂಕಿನಿಂದ ಇಂಧನ ಬರಲಿ. 1800 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತು) ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳನ್ನು ಪರೀಕ್ಷಿಸುವಾಗ ಯಾವುದರಲ್ಲೂ ಇಳಿತ 150 ದಾಟಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು.

ಓಟ ಶುರುವಾದ ಕೂಡಲೇ ಆರ್‌ಪಿಎಂ ನೋಡಿ. ಪೂರ್ತಿ ಥ್ರಾಟಲ್ ಕೊಟ್ಟರೂ 2300 ಮುಟ್ಟದಿದ್ದರೆ ನಿಲ್ಲಿಸಿಬಿಡಿ.

ಮೇಲೇರುವಾಗ ಮೂತಿ ಮೇಲಿರುತ್ತದೆ, ವೇಗ ಸುಮಾರು 74 ನಾಟ್. ಎಂಜಿನ್ ಹೋದರೆ ಆ ವೇಗ ಕಣ್ಣೆದುರೇ ಕರಗುತ್ತದೆ. ಯೋಕ್ (ಮೂತಿ ಏರಿಸಿ ಇಳಿಸುವ ಹಿಡಿಕೆ) ಮುಂದಕ್ಕೆ ತಳ್ಳಿ. ನೆಲ ಹತ್ತಿರವಿರುವಾಗ ಹಾಗೆ ತಳ್ಳಲು ಮೈಯೇ ಒಪ್ಪುವುದಿಲ್ಲ, ಆದರೂ ತಳ್ಳಲೇಬೇಕು. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಪಟ್ಟಿ) ಇಳಿಸದಿದ್ದರೆ 70 ನಾಟ್ ಹಿಡಿಯಿರಿ, ಇಳಿಸಿದ್ದರೆ 65. ಎದುರಿಗೆ, ಸ್ವಲ್ಪ ಎಡಕ್ಕೋ ಬಲಕ್ಕೋ ಒಂದು ಜಾಗ ಹಿಡಿಯಿರಿ. ಸಮಯ ಸಿಕ್ಕರೆ ಮಿಕ್ಸ್ಚರ್ (ಗಾಳಿ-ಇಂಧನ ಮಿಶ್ರಣದ ಹಿಡಿ), ಇಂಧನ, ಮ್ಯಾಗ್ನೆಟೊ ಬಂದ್ ಮಾಡಿ, ಆಮೇಲೆ ಫ್ಲ್ಯಾಪ್. ಫ್ಲ್ಯಾಪ್‌ಗೆ ಕರೆಂಟ್ ಬೇಕು, ಹಾಗಾಗಿ ಮಾಸ್ಟರ್ ಸ್ವಿಚ್ ಅದಾದ ಮೇಲೆ. ಬಾಗಿಲಿನ ಚಿಲಕ ತೆಗೆದಿಡಿ, ಇಳಿದ ಏಟಿಗೆ ಅದು ಸಿಕ್ಕಿಕೊಳ್ಳಬಾರದು. ಸಮಯ ಸಿಗದಿದ್ದರೆ ಇದೆಲ್ಲ ಬಿಡಿ, ವೇಗವನ್ನು ಮಾತ್ರ ಬಿಡಬೇಡಿ.

ಹಿಂದೆ ತಿರುಗುವ ಆಸೆ ಎಲ್ಲರಿಗೂ ಬರುತ್ತದೆ. ರನ್‌ವೇ ಅಲ್ಲೇ ಹಿಂದೆ ಇದೆ ಅಲ್ವಾ? ಆದರೆ 180 ಡಿಗ್ರಿ ತಿರುಗಿದರೆ ನೀವು ರನ್‌ವೇ ಪಕ್ಕದಲ್ಲಿರುತ್ತೀರಿ, ಅದರ ಮೇಲಲ್ಲ. ಇನ್ನಷ್ಟು ತಿರುಗಿ, ಮತ್ತೆ ಈ ಕಡೆ ವಾಲಬೇಕು. 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ (ಇದಕ್ಕಿಂತ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ಸುಮಾರು ಶೇಕಡ 19 ಏರುತ್ತದೆ, 48 ಇದ್ದದ್ದು 57 ನಾಟ್ ಆಗುತ್ತದೆ. ಅಷ್ಟರಲ್ಲಿ ನೆಲ ಮೇಲೆ ಬರುವಂತೆ ಕಾಣಿಸಿ ಕೈ ಯೋಕನ್ನು ಹಿಂದಕ್ಕೆ ಎಳೆಯುತ್ತದೆ. ವಿಮಾನ ಸ್ಪಿನ್ ಆಗಿ, ಅಂದರೆ ಗಿರಗಿರ ಸುತ್ತುತ್ತಾ, ಬೀಳುವುದು ಅಲ್ಲೇ. ನಂಬಿಕೆ ಬರದಿದ್ದರೆ ತರಬೇತುದಾರರ ಜೊತೆ ನೆಲದಿಂದ 4000 ಅಡಿ ಮೇಲೆ ಮಾಡಿ ನೋಡಿ. ಏರುತ್ತಿರುವಾಗಲೇ ಥ್ರಾಟಲ್ ಎಳೆಯಿರಿ, ನಾಲ್ಕು ಎಣಿಸಿ, ಆಮೇಲೆ ತಿರುಗಿ. ನಾನು ಮಾಡಿದಾಗ 500 ಅಡಿಗಿಂತ ಜಾಸ್ತಿ ಎತ್ತರ ಹೋಯಿತು, ಅದೂ ಎಂಜಿನ್ ಸಣ್ಣಗೆ ಓಡುತ್ತಿದ್ದಾಗ. 1000 ಅಡಿ ದಾಟುವವರೆಗೆ ತಿರುಗುವ ಮಾತೇ ನನ್ನ ಲೆಕ್ಕದಲ್ಲಿಲ್ಲ.

ಪೂರ್ತಿ ನಿಲ್ಲುವುದಕ್ಕಿಂತ ನನಗೆ ಜಾಸ್ತಿ ಭಯ ಅರ್ಧ ಶಕ್ತಿ ಉಳಿದ ಎಂಜಿನ್ನಿನದು. ಸುತ್ತು ಹಾಕಿ ಬಂದುಬಿಡಬಹುದು ಅನ್ನುವ ಆಸೆ ಹುಟ್ಟಿಸುತ್ತದೆ. ಉಳಿದ ಶಕ್ತಿಯನ್ನು ಬಳಸಿಕೊಳ್ಳಿ, ಆದರೆ ಅದು ಯಾವ ಕ್ಷಣದಲ್ಲಾದರೂ ಹೋಗುತ್ತದೆ ಎಂದುಕೊಂಡೇ ಇಳಿಯುವ ಜಾಗ ಹುಡುಕಿ.

ನನಗೂ ಒಮ್ಮೆ ಹೀಗಾಯಿತು. ಸುಮಾರು 200 ಅಡಿಯಲ್ಲಿ ವಿಮಾನವೆಲ್ಲ ನಡುಗಿತು, ಆರ್‌ಪಿಎಂ 1900ಕ್ಕೆ ಇಳಿಯಿತು. ಉದ್ದ ರನ್‌ವೇ, ಮುಂದೆ ಸಾಕಷ್ಟು ಉಳಿದಿತ್ತು. ಮೂತಿ ತಗ್ಗಿಸಿ, ಥ್ರಾಟಲ್ ಎಳೆದು ಅಲ್ಲೇ ಇಳಿಸಿದೆ. ಬಿಚ್ಚಿ ನೋಡಿದರೆ ಒಂದು ಎಕ್ಸಾಸ್ಟ್ ವಾಲ್ವ್ (ಸುಟ್ಟ ಅನಿಲ ಹೊರಬಿಡುವ ಕವಾಟ) ಬಿಗಿದುಕೊಳ್ಳುತ್ತಿತ್ತು. ಆವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಎಂಜಿನ್ ಒಂದು ನಿಮಿಷ ನಡುಗಿ ಆಮೇಲೆ ಸರಿಹೋಗಿತ್ತು, ಚಳಿಗೆ ಇರಬೇಕು ಅಂದುಕೊಂಡು ಹೊರಟಿದ್ದೆ. ಈಗ ಹಾಗೆ ನಡುಗಿದರೆ ಎಂಜಿನ್ ಆರಿಸಿ ಮೆಕ್ಯಾನಿಕ್‌ನ ಕರೆಯುತ್ತೇನೆ.