ಊರ ಗಡಿಯ ಹೆಸರು ಕುರಿಯವರ ಬಾಯಲ್ಲಿತ್ತು: ನನ್ನ ಅನುಭವ

ನಾಗಮಂಗಲ ತಾಲೂಕಿನ ನಮ್ಮೂರ ಗಡಿಯುದ್ದಕ್ಕೂ ಇರುವ ಜಾಗಗಳ ಹೆಸರನ್ನೆಲ್ಲ ನಕ್ಷೆಗೆ ಏರಿಸುತ್ತೇನೆ ಎಂದಾಗ ನಕ್ಕವರೇ ಜಾಸ್ತಿ. ‘ಗಡಿಗೆ ನೆಟ್ಟ ಬಾಂದು ಕಲ್ಲೇ ಅರ್ಧ ಇಲ್ಲ, ಹೆಸರು ಎಲ್ಲಿಂದ ತರ್ತೀಯಪ್ಪ?’ ಎಂದರು. ಈಗ ಹತ್ತಿರ ಹತ್ತಿರ 12 ಕಿಲೋಮೀಟರ್ ಸುತ್ತಿನಲ್ಲಿ 60ಕ್ಕೂ ಮೇಲೆ ಹೆಸರು ಕೂತಿವೆ. ಅದೇ ಜನ ಈಗ ‘ವಾಟ್ಸ್ಆ್ಯಪ್‌ಗೆ ಹಾಕು’ ಅಂತಿದ್ದಾರೆ.

ಕಂದಾಯ ನಕ್ಷೆ, ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ನಿಮ್ಮ ಹತ್ತಿರವೂ ಇರುತ್ತವೆ. ಅವುಗಳಲ್ಲಿ ಸರ್ವೆ ನಂಬರ್ ಸಿಗುತ್ತದೆ, ಹೆಸರು ಸಿಗಲ್ಲ. ಮೊದಲು ಅರಳಿಕಟ್ಟೆಯಲ್ಲಿ ಹಿರಿಯರನ್ನು ಕೇಳಿದೆ. ಕೂತಲ್ಲಿ ಹೇಳಿದ್ದು, ಜಾಗಕ್ಕೆ ಹೋದರೆ ಒಂದು ಫರ್ಲಾಂಗ್ ಆಚೀಚೆ. ಆಮೇಲೆ ಡ್ರೋನ್ ಹಾರಿಸುವವನನ್ನು ಕರೆಸಿದೆ. 8 ಸಾವಿರವೋ ಏನೋ ಹೋಯಿತು. ಮೇಲಿಂದ ಕಂಡದ್ದು ತೆಂಗಿನ ಗರಿ, ಲಂಟಾನ ಪೊದೆ, ಅಷ್ಟೇ. 33 ಅಡಿಯ ಹಗ್ಗ ಮಾಡಿಸಿ ಹಳೇ ಸರಪಳಿ ಲೆಕ್ಕದಲ್ಲಿ ಕಲ್ಲಿಂದ ಕಲ್ಲಿಗೆ ಅಳೆದೂ ನೋಡಿದೆ. ನೆನೆದರೆ ಕುಗ್ಗುತ್ತದೆ, ಎಳೆದರೆ ಹಿಗ್ಗುತ್ತದೆ. ಜಾಗ ಗುರುತು ಹಾಕಲು ಹತ್ತು ಮೀಟರ್ ತಪ್ಪು ತೋರಿಸುವ ಫೋನಿನ ಜಿಪಿಎಸ್ಸೇ ಸಾಕು. ಹುಣಸೆಮರ ಎಲ್ಲಿಗೂ ಓಡಲ್ಲ.

ಕೈಹಿಡಿದವರು ಕುರಿ ಕಾಯುವವರು. ಹೊಲದವನಿಗೆ ತನ್ನ ಬದುವಿನ ತನಕ ಗೊತ್ತು. ಇವರಿಗೆ ಹಳ್ಳ, ದಿಣ್ಣೆ, ನೀರು, ನೆರಳು ಎಲ್ಲಕ್ಕೂ ಹೆಸರು ಬೇಕು. ಇಲ್ಲದಿದ್ದರೆ ಮಧ್ಯಾಹ್ನ ಬುತ್ತಿ ತರುವವರಿಗೆ ಎಲ್ಲಿಗೆ ಬಾ ಅಂತಾರೆ? ಅದೂ ನಮ್ಮೂರವರೊಬ್ಬರು, ಪಕ್ಕದೂರವರೊಬ್ಬರು ಜೊತೆಗೇ ಇರಬೇಕು. ರಾಗಿ ಕೊಯ್ಲು ಮುಗಿದ ಮೇಲೆ ಗಡಿ ಮೇಲೇ ನಡೆಯಬೇಕು.

ಗುಂಡುತೋಪಿನ ಹಿಂದಿನ ತಗ್ಗಿಗೆ ನಮ್ಮವರು ‘ಕಳ್ಳಿಗುಂಡಿ’ ಎಂದರು. ಆ ಕಡೆಯವರು ಬಿಡಲಿಲ್ಲ. ‘ಅಲ್ಲಣ್ಣೋ, ಇದು ಬ್ಯಾಲದಮರದ ಹಳ್ಳ. ಕಳ್ಳಿಗುಂಡಿ ಬಂಡಿದಾರಿಯಿಂದ ಆಚೆ.’ ಮರ ಎಲ್ಲಿ ಅಂತ ಇವರು, ಇತ್ತು ಅಂತ ಅವರು. ಕೊನೆಗೆ ಕತ್ತಾಳೆ ಸವರಿದರೆ ಮರದ ಬೊಡ್ಡೆ ಸಿಕ್ಕಿತು. ಪಕ್ಕದಲ್ಲೇ ಅರ್ಧ ಹೂತ, ಮೊಣಕಾಲೆತ್ತರದ ಕಲ್ಲು. ರಾತ್ರಿ ಮತ್ತೆ ಹೋಗಿ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗಿಸಿದಂತೆ ಹಿಡಿದೆ. ಹಗಲಲ್ಲಿ ಬೋಳಾಗಿದ್ದ ಮೈ ಮೇಲೆ ಲಿಂಗ, ಎರಡೂ ಕಡೆ ಸೂರ್ಯ, ಚಂದ್ರ! ಶಿವನ ಗುಡಿಗೆ ಬಿಟ್ಟ ಭೂಮಿಯ ಎಲ್ಲೆಗೆ ನೆಡುತ್ತಿದ್ದ ಲಿಂಗಮುದ್ರೆ ಕಲ್ಲು. ಕೆತ್ತನೆ ಕಾಣಲೆಂದು ಸುಣ್ಣ, ಹಿಟ್ಟು ಬಳಿಯುವ ಅಭ್ಯಾಸ ಇದ್ದರೆ ಬಿಡಿ, ಕಲ್ಲು ಹಾಳಾಗುತ್ತದೆ. ಇದರ ಬೆನ್ನಿಗೇ, ವಿಷ್ಣುವಿನ ಗುಡಿಗೆ ಬಿಟ್ಟ ಭೂಮಿಯ ಎಲ್ಲೆಗೆ ನೆಡುತ್ತಿದ್ದ ವಾಮನಮುದ್ರೆ ಕಲ್ಲು ಹುಡುಕಲು ಹೊರಟು ಒಂದು ಬೇಸಿಗೆಯೆಲ್ಲ ಅಲೆದೆ. ಕೊಡೆ ಹಿಡಿದ ವಾಮನ ನಮ್ಮ ಗಡಿಯಲ್ಲಿ ಸಿಗಲಿಲ್ಲ.

ನಕ್ಷೆಯ ಅಂಚಿನಲ್ಲಿ ಒಂದು ಬೇಚರಾಕ್ ಗ್ರಾಮದ ಹೆಸರಿದೆ. ಒಂದು ಮನೆಯೂ ಇಲ್ಲ. ಕುರಿಯವರು ಅದನ್ನು ಸುಮ್ನೆ ‘ಹಾಳೂರು’ ಅಂತಾರೆ. ಅಲ್ಲಿನ ಮಾರಮ್ಮನ ಕಲ್ಲಿಗೆ ಎರಡೂ ಊರವರು ಪೂಜೆ ಮಾಡುತ್ತಾರೆ. ಅದೂ ನಕ್ಷೆಗೆ ಬಂತು.

ಒಂದು ಎಚ್ಚರಿಕೆ. ಪುಸ್ತಕ, ಪೆನ್ನು ತೆಗೆದರೆ ಮಾತು ನಿಲ್ಲುತ್ತದೆ. ಸಾಗುವಳಿಗೆ ಸೇರದ ಖರಾಬು ಜಮೀನು ಒತ್ತಿಕೊಂಡವರಿಗೆ ನೀವು ಅಳತೆಗೆ ಬಂದವರಂತೆ ಕಾಣುತ್ತೀರಿ. ನಾನು ಹೇಗೆ ಬರೆದುಕೊಂಡೆ, ಎರಡೂರವರನ್ನು ಒಂದೇ ದಿನ ಹೇಗೆ ಕೂಡಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಡ್ರೋನ್ ಬಿಟ್ಟರೆ ಪೆಟ್ರೋಲು, ಊಟ, ಬೀಡಿ, ಟೀ ಎಲ್ಲ ಸೇರಿ 5-6 ಸಾವಿರ ಆಗಿರಬಹುದು. ಜೊತೆಗೆ ಬಂದವರಿಗೆ ಕೂಲಿ ಕೊಡಲು ಹೋದೆ, ತಗೊಳ್ಳಲಿಲ್ಲ. ಬಾಡೂಟ ಹಾಕಿಸಿದೆ, ಅದಕ್ಕೆ ಬೇಡ ಅನ್ನಲಿಲ್ಲ. ನೀಲಗಿರಿ ತೋಪಿನ ಕಡೆ ಒಂದು ತುಂಡು ಬಾಕಿ ಇದೆ. ಮರ ಕಡಿಯುವ ವರ್ಷ ನೋಡಿಕೊಂಡು ಹೋಗುತ್ತೇನೆ.