ಒಂಬತ್ತು ಚಾಕು, ಒಂದು ಉಪ್ಪಿನಕಾಯಿ ಜಾಡಿ

ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ 9 ಚಾಕುಗಳಿದ್ದವು. ಒಂದೂ ಕೊಯ್ಯುತ್ತಿರಲಿಲ್ಲ.

ಇದು ನನಗೆ ಗೊತ್ತಾಗಿದ್ದು ಅಮ್ಮ ಬೆಂಗಳೂರಿಗೆ ಬಂದಾಗ. ಮೂರು ವರ್ಷದ ಹಿಂದಿನ ಮಾತು. ಪಲ್ಯಕ್ಕೆ ಹುರುಳಿಕಾಯಿ ಹೆಚ್ಚಿಕೊಡ್ತೀನಿ ಅಂತ ಕೂತವಳು ಒಂದು ಚಾಕು ತೆಗೆದುಕೊಂಡಳು, ಇಟ್ಟಳು. ಇನ್ನೊಂದು ತೆಗೆದುಕೊಂಡಳು, ಅದನ್ನೂ ಇಟ್ಟಳು. ಐದನೆಯದಕ್ಕೆ ಬರುವಷ್ಟರಲ್ಲಿ ತಾಳ್ಮೆ ಮುಗಿದಿತ್ತು. "ಇದೇನೇ ಮಾರಾಯ್ತಿ, ಚಮಚದ ಅಂಗಡಿ ಇಟ್ಟಿದ್ದೀಯಾ?" ಅಂದಳು. ಕೊನೆಗೆ ಹುರುಳಿಕಾಯನ್ನು ಕೈಯಲ್ಲೇ ಮುರಿದು ಹಾಕಿದಳು.

ನಿಜ ಹೇಳಬೇಕೆಂದರೆ, ಅವು ಮೊಂಡಾಗಿವೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಟೊಮೆಟೊ ಹೆಚ್ಚುವಾಗ ಮೊದಲು ತುದಿಯಿಂದ ಚುಚ್ಚಿ ತೂತು ಮಾಡಿಕೊಳ್ಳುತ್ತಿದ್ದೆ. ಟೊಮೆಟೊ ಸಿಪ್ಪೆ ಅಂದರೆ ಹಾಗೇ ಅಂದುಕೊಂಡಿದ್ದೆ. ಕುಂಬಳಕಾಯಿ ಹೆಚ್ಚುವ ಕೆಲಸ ಮಾತ್ರ ನಮ್ಮ ಯಜಮಾನರದ್ದು, ಯಾಕೆಂದರೆ ಅದಕ್ಕೆ ಬಲ ಬೇಕು. ಪ್ರತಿ ವರ್ಷ ಆಯುಧ ಪೂಜೆಗೆ ಈ 9 ಚಾಕುಗಳನ್ನೂ ತೊಳೆದು, ಸಾಲಾಗಿ ಇಟ್ಟು, ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದೆವು. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಮಧ್ಯಾಹ್ನ ನಾನು ಆಫೀಸಿನ ಕರೆಯಲ್ಲಿದ್ದಾಗ ಅಡುಗೆಮನೆಯಿಂದ ಸರ್ ಸರ್ ಅಂತ ಸದ್ದು. ಎದ್ದು ಹೋಗಿ ನೋಡಿದರೆ ಅಮ್ಮ ಉಪ್ಪಿನಕಾಯಿ ಜಾಡಿಯನ್ನು ಖಾಲಿ ಮಾಡಿ, ಬೋರಲು ಹಾಕಿಕೊಂಡು, ಅದರ ಅಡಿಯ ಒರಟು ಸುತ್ತಿಗೆ ಚಾಕು ಉಜ್ಜುತ್ತಿದ್ದಾಳೆ. ಒಂದಿಷ್ಟು ನೀರು ಚಿಮುಕಿಸುವುದು, ಉಜ್ಜುವುದು, ಹೆಬ್ಬೆರಳಿನಿಂದ ಅಂಚನ್ನು ಅಡ್ಡಕ್ಕೆ ಸವರಿ ನೋಡುವುದು. ಹತ್ತು ನಿಮಿಷದಲ್ಲಿ ಮುಗಿಯಿತು. ಆ ಚಾಕುವಿನಲ್ಲಿ ಟೊಮೆಟೊ ಕೊಯ್ದೆ. ಒತ್ತಲೇ ಇಲ್ಲ, ಅದು ಇಳಿದುಬಿಟ್ಟಿತು. ಅಂಗಡಿಯಿಂದ ತಂದ ದಿನವೂ ಅದು ಹಾಗೆ ಕೊಯ್ದಿರಲಿಲ್ಲ.

ಹೇಳಿಕೊಡು ಅಂದೆ. "ಹೇಳಿಕೊಡೋಕೆ ಏನಿದೆ, ಮಸೆದರಾಯ್ತು" ಅಂದಳು. ಎರಡು ದಿನ ಬಿಟ್ಟು ಊರಿಗೆ ಹೋದಳು. ಹಾಗಾಗಿ ಕಲಿತದ್ದೆಲ್ಲ ನಾನೇ, ಕೆಡಿಸಿ ಕೆಡಿಸಿ.

ಮೊದಲು ಕೆಡಿಸಿದ್ದು ಆ ಎಳೆಯುವ ಯಂತ್ರದಿಂದ. ಪ್ಲಾಸ್ಟಿಕ್ ಹಿಡಿ ಇರುತ್ತದಲ್ಲ, ಮಧ್ಯೆ ವಿ ಆಕಾರದ ಸಂದು, ಅದರಲ್ಲಿ ಚಾಕು ಹಾಕಿ ನಾಲ್ಕು ಸಲ ಎಳೆದರೆ ಸಾಕು ಅಂತ ಡಬ್ಬದ ಮೇಲೆ ಬರೆದಿತ್ತು. ಎರಡು ದಿನ ಚೆನ್ನಾಗಿ ಕೊಯ್ಯಿತು. ಮೂರನೇ ದಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಇಲಿ ಕಚ್ಚಿದ ರೊಟ್ಟಿಯ ಹಾಗಿತ್ತು. ಅದು ಅಂಚನ್ನು ಮಸೆಯುವುದಿಲ್ಲ, ಕೆರೆದು ಕಿತ್ತು ಹಾಕುತ್ತದೆ. ಅವಸರದವರಿಗೆ ಪರವಾಗಿಲ್ಲ, ಒಳ್ಳೆಯ ಚಾಕುವಿಗೆ ಬೇಡ.

ಆಮೇಲೆ ಎಸ್.ಪಿ. ರಸ್ತೆಯ ಕಡೆ ಹೋಗಿ ಕಾರ್ಬೊರಂಡಮ್ ಕಲ್ಲು ತಂದೆ. ಬೂದು ಬಣ್ಣದ್ದು, ಒಂದು ಕಡೆ ಒರಟು, ಇನ್ನೊಂದು ಕಡೆ ನಯ. 200 ರೂಪಾಯಿಯೊಳಗೇ ಬಂತು. ಇದು ಗಣಿಯಿಂದ ಅಗೆದ ಕಲ್ಲಲ್ಲ, ಸಿಲಿಕಾನ್ ಕಾರ್ಬೈಡ್. 1890ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕುಲುಮೆಯಲ್ಲಿ ತಯಾರಿಸಿದ್ದು. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಇದಕ್ಕೆ 9ಕ್ಕಿಂತ ಸ್ವಲ್ಪ ಜಾಸ್ತಿ. ಚಾಕುವಿನ ಉಕ್ಕು 6ರ ಆಸುಪಾಸು. ಬೆಣಚುಕಲ್ಲು 7. ಇದನ್ನು ಓದಿದಾಗ ನನಗೆ ಎರಡು ವಿಷಯ ಒಟ್ಟಿಗೇ ಅರ್ಥವಾದವು. ಹೊಳಪು ಬಳಿಯದ ಜಾಡಿಯ ಅಡಿ ಯಾಕೆ ಚಾಕುವನ್ನು ಸವೆಸುತ್ತದೆ, ಮತ್ತು ಅಜ್ಜ ಕತ್ತಿ ಮಸೆಯುವಾಗ ಮರದ ಹಲಗೆ ಮೇಲೆ ಬೆಣಚುಕಲ್ಲಿನ ಪುಡಿ ಯಾಕೆ ಉದುರಿಸುತ್ತಿದ್ದ. ಉಕ್ಕಿಗಿಂತ ಗಟ್ಟಿ ಇರುವುದು ಏನಾದರೂ ಸಾಕು. ಅಜ್ಜನಿಗೆ ಮೋಸ್ ಯಾರೆಂದು ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕಲ್ಲಿಗೆ ಕೊಬ್ಬರಿ ಎಣ್ಣೆ ಹಾಕಿದ್ದು ನನ್ನ ಎರಡನೇ ತಪ್ಪು. ಯಾರೋ ಎಣ್ಣೆ ಅಂದಿದ್ದರು, ಮನೆಯಲ್ಲಿ ಇದ್ದದ್ದು ಅದು. ಚಳಿಗಾಲದ ಬೆಳಗ್ಗೆ ನೋಡಿದರೆ ಕಲ್ಲಿನ ತೂತುಗಳಲ್ಲೆಲ್ಲ ಬೆಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಬಿಸಿನೀರು, ಪಾತ್ರೆ ಸೋಪು ಹಾಕಿ ಮೂರು ಸಲ ತೊಳೆದ ಮೇಲೆ ಸರಿಹೋಯಿತು. ಅಂದಿನಿಂದ ನೀರು ಮಾತ್ರ. ಗುಳ್ಳೆ ಬರುವುದು ನಿಲ್ಲುವವರೆಗೆ ಬಕೆಟ್ಟಿನಲ್ಲಿ ಮುಳುಗಿಸಿಡುತ್ತೇನೆ. ಕಲ್ಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ.

ಇನ್ನು ಕೋನ. ಎಲ್ಲರೂ ಸೋಲುವುದು ಇಲ್ಲೇ. ಮನೆಯ ಸಾಮಾನ್ಯ ಚಾಕುವಿಗೆ ಒಂದೊಂದು ಬದಿಗೂ ಸುಮಾರು 20 ಡಿಗ್ರಿ ಬೇಕು. 20 ಡಿಗ್ರಿ ಅಂದರೆ ಎಷ್ಟು ಅಂತ ಕೈಗೆ ಹೇಗೆ ಗೊತ್ತಾಗಬೇಕು? ನಾನು ಲೆಕ್ಕಪತ್ರದ ಕೆಲಸದವಳು, ಹಾಗಾಗಿ ಲೆಕ್ಕ ಹಾಕಿದೆ. 4 ಸೆಂ.ಮೀ. ಅಗಲದ ಚಾಕುವಾದರೆ ಅದರ ಬೆನ್ನು ಕಲ್ಲಿನಿಂದ ಸುಮಾರು 1.4 ಸೆಂ.ಮೀ. ಮೇಲಿರಬೇಕು. ನನ್ನ ಕಿರುಬೆರಳು ಸಂದಿನಲ್ಲಿ ತೂರುವಷ್ಟು. ಇನ್ನೂ ಸುಲಭದ ದಾರಿ ಬೇಕಾದರೆ, ಒಂದು ಕಾಗದದ ಮೂಲೆಯನ್ನು ಎರಡು ಸಲ ಸಮವಾಗಿ ಮಡಿಸಿ. 90 ಇದ್ದದ್ದು 45 ಆಗುತ್ತದೆ, ಮತ್ತೆ ಮಡಿಸಿದರೆ 22.5. ಅದನ್ನು ಕಲ್ಲಿನ ಮೇಲೆ ನಿಲ್ಲಿಸಿ ಚಾಕುವನ್ನು ಅದಕ್ಕೆ ಒರಗಿಸಿ ನೋಡಿ. ಅಷ್ಟು ಸಾಕು.

ಕೋನ ಸಿಗುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ಕೈ ಹಿಂದೆ ಮುಂದೆ ಹೋಗುವಾಗ ಮಣಿಕಟ್ಟು ತೂಗುತ್ತದೆ. ಮೊದಲ ವಾರ ನನ್ನ ಚಾಕು ಮೊದಲಿಗಿಂತ ಮೊಂಡಾಯಿತು, ಎರಡೂ ಬದಿಗೆ ಗೀರುಗಳು ಬೇರೆ. ಆಗ ಮಗನ ಕಪ್ಪು ಮಾರ್ಕರ್ ಪೆನ್ನು ತೆಗೆದುಕೊಂಡು ಅಂಚಿಗೆ ಬಣ್ಣ ಬಳಿದೆ. ನಾಲ್ಕು ಸಲ ಉಜ್ಜಿ ನೋಡಿದರೆ ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋಗಿತ್ತು, ತೀರಾ ಅಂಚಿನಲ್ಲಿ ಹಾಗೇ ಇತ್ತು. ಅಂದರೆ ಅಷ್ಟು ದಿನ ನಾನು ಅಂಚನ್ನು ಮುಟ್ಟಿಯೇ ಇರಲಿಲ್ಲ!

ಒಂದು ಭಾನುವಾರ ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ವಿಡಿಯೋ ಕರೆ ಮಾಡ್ಲಾ ಅಂದೆ. "ಬೇಡ, ಫೋನು ಕಲ್ಲಿನ ಹತ್ತಿರ ಇಟ್ಟು ಮಸೆ" ಅಂದಳು. ಮಸೆದೆ. "ಕರ್ ಕರ್ ಅಂತಿದೆ ಕಣೇ, ಎತ್ತಿ ಹಿಡಿದಿದ್ದೀಯ. ಇಳಿಸು." ಇಳಿಸಿದೆ. "ಈಗ ಸದ್ದೇ ಇಲ್ಲ, ಮಲಗಿಸಿಬಿಟ್ಟೆ." ಮತ್ತೆ ಸ್ವಲ್ಪ ಎತ್ತಿದೆ. ಸರ್ ಅಂತ ಒಂದೇ ಸಮ ಸದ್ದು ಬಂತು. "ಹಾಂ, ಹಾಗೆ. ಆಚೆ ಬದಿಗೆ ತರಿ ಸಿಗೋವರೆಗೂ ಬಿಡಬೇಡ." 300 ಕಿಲೋಮೀಟರಿಗೂ ಹೆಚ್ಚು ದೂರ ಕೂತು ಅವಳು ಕಿವಿಯಲ್ಲೇ ಕೋನ ನೋಡುತ್ತಿದ್ದಳು. ಕಾಗದ ಮಡಿಸಿದ್ದನ್ನು ಅವಳಿಗೆ ಹೇಳಲಿಲ್ಲ.

ಆ 'ತರಿ'ಯಲ್ಲೇ ಎಲ್ಲ ಇದೆ. ಒಂದು ಬದಿಯನ್ನು ಸರಿಯಾಗಿ ಮಸೆದಾಗ ಅಂಚಿನ ಉಕ್ಕು ಕೂದಲಿನಷ್ಟು ತೆಳುವಾಗಿ ಇನ್ನೊಂದು ಬದಿಗೆ ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಮೆಲ್ಲಗೆ ಜಾರಿಸಿದರೆ ಚುರುಚುರು ಅಂತ ತಗಲುತ್ತದೆ. ಅಂಚಿನ ಉದ್ದಕ್ಕೆ ಬೆರಳು ಓಡಿಸಬೇಡಿ, ಕೊಯ್ದುಕೊಳ್ಳುತ್ತೀರಿ. ಹಿಡಿಯ ಹತ್ತಿರದಿಂದ ತುದಿಯವರೆಗೂ ಆ ತರಿ ಸಿಗಬೇಕು. ಸಿಕ್ಕ ಮೇಲೆ ಚಾಕು ತಿರುಗಿಸಿ ಇನ್ನೊಂದು ಬದಿ. ಆಮೇಲೆ ನಯವಾದ ಕಡೆ, ಒತ್ತಡ ಕಡಿಮೆ ಮಾಡುತ್ತಾ, ಬದಿ ಬದಲಿಸುತ್ತಾ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒರಟು ಕಡೆಗೆ ಹತ್ತು ಸಲ ಎಳೆಯುತ್ತೇನೆ, ಅಂಚು ಹಿಂದೆ, ಬೆನ್ನು ಮುಂದೆ. ಬೆಲ್ಟ್ ಇಲ್ಲದಿದ್ದರೆ ದಿನಪತ್ರಿಕೆ ಮಡಿಸಿಟ್ಟುಕೊಂಡರೂ ಆಗುತ್ತದೆ.

ಬೆಲ್ಟ್ ಅಂದಾಗ ನೆನಪಾಯಿತು. ಕ್ಷೌರದಂಗಡಿಯಲ್ಲಿ ಗೋಡೆಗೆ ಚರ್ಮದ ಪಟ್ಟಿ ನೇತುಹಾಕಿ ಕತ್ತಿ ಎಳೆಯುತ್ತಿದ್ದರಲ್ಲ, ಆ ಕೈಚಳಕವೂ ಹೋಯಿತು. ಆದರೆ ಅದು ಹೋಗಿದ್ದೇ ಒಳ್ಳೆಯದು. ಎಚ್‌ಐವಿ, ಕಾಮಾಲೆಯ ಭಯದಿಂದ ಒಬ್ಬರಿಗೊಂದು ಬ್ಲೇಡು ಬಂತು. ಹೋದದ್ದಕ್ಕೆಲ್ಲ ಅಳಬೇಕಾಗಿಲ್ಲ.

ಯಜಮಾನರಿಗೆ ನನ್ನ ಈ ಉತ್ಸಾಹ ಅರ್ಥವಾಗಲಿಲ್ಲ. "60 ರೂಪಾಯಿಗೆ ಹೊಸ ಚಾಕು ಬರುತ್ತೆ, ಭಾನುವಾರ ಪೂರ್ತಿ ಇದಕ್ಕೆ ಕೂರ್ತೀಯಲ್ಲ" ಅಂದರು. ಲೆಕ್ಕ ಅವರ ಕಡೆಗೇ ಇದೆ, ನಾನು ವಾದ ಮಾಡಲಿಲ್ಲ. ಆ 60 ರೂಪಾಯಿಯ ಚಾಕುವಿನ ಉಕ್ಕು ಮೆದು, ಬೇಗ ಹರಿತವಾಗುತ್ತದೆ, ಅಷ್ಟೇ ಬೇಗ ಹೋಗುತ್ತದೆ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರಬೇಕು, ಅದರಿಂದ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಇಂಥ ಉಕ್ಕು ಮಾಡಿದ ಹ್ಯಾರಿ ಬ್ರಿಯರ್ಲಿಯನ್ನು ಅಲ್ಲಿಯ ಚಾಕು ತಯಾರಕರು ಕೊಯ್ಯದ ಚಾಕು ಕಂಡುಹಿಡಿದವನು ಅಂತ ಗೇಲಿ ಮಾಡಿದ್ದರಂತೆ. ನನ್ನ ಡ್ರಾಯರು ನೋಡಿದ್ದರೆ ಅವರು ಇನ್ನೂ ಜೋರಾಗಿ ನಗುತ್ತಿದ್ದರು.

ಕೈ ಕುದುರಿದ ಮೇಲೆ ಸೊಕ್ಕು ಬಂತು. ಪಕ್ಕದ ಮನೆಯವರ ಬಟ್ಟೆ ಕತ್ತರಿಸುವ ಕತ್ತರಿಯನ್ನು ತಂದು ಚಾಕುವಿನ ಹಾಗೇ ಎರಡೂ ಕಡೆ ಮಸೆದೆ. ಪೂರ್ತಿ ಹಾಳಾಯಿತು, ಬಟ್ಟೆಯನ್ನು ಅಗಿಯುತ್ತಿತ್ತು. ಕತ್ತರಿಯ ಎರಡು ಅಲಗುಗಳ ಒಳಮೈ ಒಂದಕ್ಕೊಂದು ಉಜ್ಜಿಕೊಂಡೇ ಕೊಯ್ಯುವುದು, ಆ ಒಳಮೈಯ ಅಂಚನ್ನು ಇಳಿಜಾರು ಮಾಡಿದರೆ ಮುಗಿಯಿತು. ಹೊಸ ಕತ್ತರಿ ಕೊಡಿಸಿದೆ. ಹಾಳಾದದ್ದನ್ನು ಸಾಣೆ ಹಿಡಿಯುವವರಿಗಾಗಿ ಎತ್ತಿಟ್ಟೆ.

ಅವರು ಬಂದದ್ದು ಎರಡು ತಿಂಗಳ ಮೇಲೆ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪೆಡಲ್ ತುಳಿದು ಚಕ್ರ ತಿರುಗಿಸುವವರು. ಮೊದಲು ನಮ್ಮ ಬೀದಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು, ಈಗ ಯಾವಾಗಲೋ ಒಮ್ಮೆ. ಪಕ್ಕದಲ್ಲಿ ಒಂದು ಡಬ್ಬದಲ್ಲಿ ನೀರು ಇಟ್ಟುಕೊಂಡು, ಎರಡು ಸಲ ಚಕ್ರಕ್ಕೆ ಮುಟ್ಟಿಸಿದರೆ ಒಮ್ಮೆ ಅದ್ದುತ್ತಿದ್ದರು. ಅದ್ದದಿದ್ದರೆ ಅಂಚು ಕಾದು ನೀಲಿಗೆ ತಿರುಗುತ್ತದೆ. ನೀಲಿ ಬಂತು ಅಂದರೆ 300 ಡಿಗ್ರಿ ಮುಟ್ಟಿತು ಅಂತ, ಉಕ್ಕಿನ ಹದ ಹೋಯಿತು ಅಂತ. ಕತ್ತರಿ ಸರಿಮಾಡಿ ಕೊಟ್ಟು, ಕಟ್ಟೆಯ ಮೇಲಿದ್ದ ನನ್ನ ಚಾಕು ಎತ್ತಿ ನೋಡಿದರು. "ಇದು ಯಾರ ಕೈ?" ಅಂದರು. ನಂದೇ ಅಂದೆ. "ತುದಿ ಕಡೆ ಬಿಟ್ಟಿದ್ದೀರ ಮೇಡಂ" ಅಂದರು. ಹೌದು, ಬಿಟ್ಟಿದ್ದೆ! ತುದಿ ಬಾಗುವಲ್ಲಿ ಮೊಣಕೈ ಸ್ವಲ್ಪ ಎತ್ತಬೇಕು ಅಂತ ತೋರಿಸಿಕೊಟ್ಟರು. ನಾವೇ ಮಸೆದುಕೊಂಡರೆ ನಿಮಗೆ ನಷ್ಟ ಅಲ್ವಾ ಅಂತ ಕೇಳಿದೆ. "ಚಾಕು ಯಾರು ಕೊಡ್ತಾರೆ ಮೇಡಂ ಈಗ? ಮಿಕ್ಸಿ ಬ್ಲೇಡೇ ಜಾಸ್ತಿ" ಅಂದರು.

ಕಳೆದ ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಊರಿಗೆ ಹೋದಾಗ ಅಟ್ಟ ಹತ್ತಿ ಅಮ್ಮನ ಮೆಟ್ಟುಗತ್ತಿ ಇಳಿಸಿದೆ. ಮಣೆಗೆ ಕೂರಿಸಿ, ಕಾಲಲ್ಲಿ ಮೆಟ್ಟಿಕೊಂಡು ಅಡಿಕೆ ಸುಲಿಯುತ್ತಿದ್ದದ್ದು. ಊರಿನ ಆಚಾರಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ್ದು. ನಾನು ಚಿಕ್ಕವಳಿದ್ದಾಗ ಕೊಯ್ಲಿನ ಕಾಲದಲ್ಲಿ ಹತ್ತು ಹನ್ನೆರಡು ಹೆಂಗಸರು ಸಂಜೆಯಿಂದ ನಡುರಾತ್ರಿಯವರೆಗೂ ಸಾಲಾಗಿ ಕೂತು ಸುಲಿಯುತ್ತಿದ್ದರು. ಒಬ್ಬೊಬ್ಬರದೂ ಸ್ವಂತ ಕತ್ತಿ, ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಕೂಲಿ ಡಬ್ಬದ ಲೆಕ್ಕ. ಕತ್ತಿ ಮೊಂಡಾದರೆ ಡಬ್ಬ ತುಂಬುವುದಿಲ್ಲ, ಡಬ್ಬ ತುಂಬದಿದ್ದರೆ ದುಡ್ಡಿಲ್ಲ. ಅದಕ್ಕೇ ಅವರಿಗೆಲ್ಲ ಮಸೆಯಲು ಬರುತ್ತಿತ್ತು. ನನಗೆ ಚಾಕು ಮೊಂಡಾದರೆ ಏನೂ ನಷ್ಟವಿಲ್ಲ, ಹೆಚ್ಚಿದ ತರಕಾರಿಯೇ ಮನೆ ಬಾಗಿಲಿಗೆ ಬರುತ್ತದೆ. ಈಗ ಊರಿನಲ್ಲಿ ಸುಲಿಯುವ ಯಂತ್ರ. ಆ ದಿನ ಅಟ್ಟದಲ್ಲಿ ನಿಂತಾಗಲೂ ಪಕ್ಕದ ಮನೆಯ ಅಂಗಳದಿಂದ ಅದರ ಸದ್ದು ಕೇಳುತ್ತಿತ್ತು. ಬೇಜಾರಾಗಲ್ವಾ ಅಂತ ಅಮ್ಮನನ್ನು ಕೇಳಿದೆ. "ಬೇಜಾರೆಂತದ್ದು? ನಾಲ್ಕು ತಿಂಗಳು ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗ್ತಿತ್ತು, ಸೊಂಟ ಬಿದ್ದುಹೋಗ್ತಿತ್ತು. ಯಂತ್ರ ಮಾಡಿದವನು ಚೆನ್ನಾಗಿರಲಿ" ಅಂದಳು.

ಕತ್ತಿಗೆ ತುಕ್ಕು ಹಿಡಿದಿತ್ತು. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಬಾಗಿದ ಬಾಯಿ, ಮಣೆಗೆ ಕೂರಿಸಿದ್ದು ಬೇರೆ, ಕಲ್ಲಿನ ಮೇಲೆ ಇಟ್ಟು ಮಸೆಯಲು ಆಗುವುದಿಲ್ಲ. ಕಲ್ಲನ್ನೇ ಕೈಯಲ್ಲಿ ಹಿಡಿದು ಬಾಯಿಯ ಮೇಲೆ ಓಡಿಸಬೇಕು. ಸದ್ದು ಕೇಳುತ್ತಾ, ತರಿ ನೋಡುತ್ತಾ, ಜಗುಲಿಯಲ್ಲಿ ಒಂದೂವರೆ ಗಂಟೆ ಕೂತೆ. ಮುಗಿದ ಮೇಲೆ ಎಳ್ಳೆಣ್ಣೆ ಸವರಿ ಅಮ್ಮನ ಮುಂದಿಟ್ಟೆ.

ಅವಳು ಕನ್ನಡಕ ಹಾಕಿಕೊಳ್ಳಲೂ ಇಲ್ಲ. ಹೆಬ್ಬೆರಳು ಅಡ್ಡಕ್ಕೆ ಸವರಿದಳು, ಮಣೆಯ ಕಡೆ ಒಮ್ಮೆ, ಮೇಲೆ ಒಮ್ಮೆ.

"ಬಾಳೆಕಾಯಿಗೆ ಸಾಕು" ಅಂದಳು. "ಅಡಿಕೆಗೆ ಸಾಲದು." ಆಮೇಲೆ ಕಲ್ಲಿಗೆ ಕೈ ಚಾಚಿದಳು.