ಸುಳ್ಳು ಡಯಾಲಿಸಿಸ್‌ಗೆ ಪಟ್ಟ ಪಾಡು

1977ರಲ್ಲಿ ವೇಜ್‌ಮೇಕರ್ ಮತ್ತು ಕೇಡ್ ಅನ್ನೋ ಅಮೆರಿಕದ ವೈದ್ಯರು ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಯ ಆರು ರೋಗಿಗಳಿಗೆ ಡಯಾಲಿಸಿಸ್ ಮಾಡಿ, ಐವರು ಸುಧಾರಿಸಿದರು ಅಂತ ಬರೆದರು. ಆಟಗಾರರು ಕುಡಿಯೋ ಗೇಟರೇಡ್ ಪಾನೀಯ ಕಂಡುಹಿಡಿದ ಅದೇ ಕೇಡ್. ಅಮೆರಿಕದ ನಮ್ಮ ಘಟಕಕ್ಕೆ ಮನೆಯವರ ಫೋನೋ ಫೋನು.

ಹೋಲಿಸೋಕೆ ಸುಳ್ಳು ಡಯಾಲಿಸಿಸ್ ಬೇಕು ಅಂದೆ. ಪಕ್ಕದಲ್ಲೇ ಕೂರೋ ನರ್ಸ್‌ಗೆ ಗೊತ್ತಾಗದೆ ಇರುತ್ತಾ ಅಂತ ನಕ್ಕವರೇ ಜಾಸ್ತಿ. ಕೆಲವು ಸರದಿ ಸುಳ್ಳು ಅಂತ ರೋಗಿಗಳಿಗೆ ಮೊದಲೇ ಹೇಳಿ ಒಪ್ಪಿಸಿದ್ದೆವು. ಯಾವುದು ಅನ್ನೋದಷ್ಟೇ ಗುಟ್ಟು.

ಫಿಲ್ಟರಿನಲ್ಲಿ ರಕ್ತದ ಕಲ್ಮಶ ಎಳೆದುಕೊಳ್ಳೋ ದ್ರಾವಣವನ್ನು, ಬೈಪಾಸ್ ಹಾಕಿ, ಫಿಲ್ಟರಿಗೆ ಹೋಗದ ಹಾಗೆ ಸೀದಾ ಡ್ರೈನಿಗೆ ಬಿಟ್ಟೆ. ಪಂಪು ತಿರುಗುತ್ತೆ, ರಕ್ತ ಹೋಗಿ ಬರುತ್ತೆ, ಡ್ರೈನು ಗುಳುಗುಳು ಅನ್ನುತ್ತೆ. ಇನ್ನೇನು ಬೇಕು? ಗಂಟೆಯೊಳಗೆ ರೋಗಿ ಗಡಗಡ ನಡುಗಿದ. ರಕ್ತವನ್ನು ಬೆಚ್ಚಗಿಡೋದು ಆ ದ್ರಾವಣವೇ ಅನ್ನೋದು ನನಗೆ ಹೊಳೆದೇ ಇರಲಿಲ್ಲ! ಹಿರಿಯ ನರ್ಸ್ ಕಂಬಳಿ ಹೊದಿಸುತ್ತಾ, "ಇದು ಸುಳ್ಳಿದ್ದು ಅಲ್ವಾ ಡಾಕ್ಟ್ರೇ?" ಅಂದರು. ಮರುವಾರದಿಂದ ವಾಪಸ್ ಬರೋ ನಳಿಕೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಸುತ್ತಿಟ್ಟೆ, ಅಸಲಿಗೂ ನಕಲಿಗೂ.

ಆಮೇಲೆ ತೂಕ ಕೈಕೊಟ್ಟಿತು. ಅಸಲಿ ಸರದಿ ಮುಗಿದರೆ ಅರ್ಧ ಕಿಲೋ ಕಡಿಮೆ, ರೋಗಿಗೆ ಬಾಯಾರಿಕೆ. ಸಲೈನ್ ಕೊಟ್ಟು ಸರಿದೂಗಿಸಿದೆ. ಅಸಲಿ ಡಯಾಲಿಸಿಸ್ ಆದರೆ ರಕ್ತದ ಯೂರಿಯಾ ಇಳಿಯುತ್ತೆ, ಹಾಗಾಗಿ ಆ ರಿಪೋರ್ಟ್ ನೋಡಿದವರಿಗೆ ಎಲ್ಲ ಬಯಲು, ಅದಕ್ಕೆ ಲ್ಯಾಬಿನ ಚೀಟಿಗಳೆಲ್ಲ ಒಬ್ಬ ಗುಮಾಸ್ತರ ಡ್ರಾಯರಿಗೆ. ದ್ರಾವಣದಲ್ಲಿದ್ದ ಅಸಿಟೇಟ್‌ನಿಂದ ಬರೋ ತಲೆನೋವನ್ನು ಹೇಗೆ ಮರೆಸಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ದುಡ್ಡಿನ ಗೋಳು ಬೇರೆ. 1973ರಿಂದ ಮೆಡಿಕೇರ್ ಅನ್ನೋ ಅಮೆರಿಕದ ಸರ್ಕಾರಿ ವಿಮೆ ಹಣ ಕೊಡುತ್ತಿದ್ದದ್ದು ಕಿಡ್ನಿ ಕೆಟ್ಟವರಿಗೆ, ನಮ್ಮವರ ಕಿಡ್ನಿ ಗಟ್ಟಿ. ಸರದಿಗೆ ಸುಮಾರು 150 ಡಾಲರ್ ಬೀಳುತ್ತಿತ್ತು. ಫಿಲ್ಟರ್‌ಗಳನ್ನು ಬೇಡಿ ತಂದೆ.

ಆಗ ಡಯಾಲಿಸಿಸ್ ದ್ರಾವಣದಲ್ಲಿ ವಿಚಿತ್ರ ಎಂಡಾರ್ಫಿನ್ (ದೇಹವೇ ತಯಾರಿಸೋ, ನೋವು ತಗ್ಗಿಸೋ ರಾಸಾಯನಿಕ) ಸಿಕ್ಕಿದೆ ಅಂತ ಪಾಮರ್ ಅನ್ನೋ ಸಂಶೋಧಕಿಯ ತಂಡ ಹೇಳುತ್ತಿತ್ತು. ನಾನೂ ಬಿಡಲಿಲ್ಲ, ಐಸ್‌ಕ್ರೀಂ ಡಬ್ಬಿಗಳಲ್ಲಿ ದ್ರಾವಣ ತುಂಬಿ ಫ್ರೀಜರಿಗೆ ಹಾಕಿದೆ. ಪರೀಕ್ಷಿಸೋ ಲ್ಯಾಬ್ ಸಿಗದೆ ಕೊನೆಗೆ ಸಿಂಕಿಗೆ ಸುರಿದದ್ದಾಯ್ತು.

ಕೊನೆಗೆ ಯಾವ ಸರದಿ ಅಸಲಿ, ಯಾವುದು ನಕಲಿ ಊಹಿಸಿ ಅಂತ ನರ್ಸ್‌ಗಳಿಗೆ ಅಂದೆ. ಇಪ್ಪತ್ತರಲ್ಲಿ ಹನ್ನೊಂದೋ ಏನೋ ಸರಿ, ನಾಣ್ಯ ಚಿಮ್ಮಿದ ಹಾಗೆ. ನಕ್ಕವರನ್ನು ಕರೆದು ಆ ಹಾಳೆ ತೋರಿಸಿದೆ. ರೋಗಿಗಳಲ್ಲಿ ಮಾತ್ರ ಅಸಲಿ, ನಕಲಿ ಏನೂ ವ್ಯತ್ಯಾಸ ಕಾಣಲಿಲ್ಲ. 1981ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎಂಟು ರೋಗಿಗಳ ಪರೀಕ್ಷೆ ಬಂತು. ಅಲ್ಲೂ ಅಸಲಿ ಡಯಾಲಿಸಿಸ್‌ನಿಂದ ಯಾರೂ ಸುಧಾರಿಸಿರಲಿಲ್ಲ. ನಮ್ಮಲ್ಲೊಬ್ಬ ನಕಲಿ ಸರದಿಗಳಲ್ಲೇ ಜಾಸ್ತಿ ಮಾತಾಡುತ್ತಿದ್ದ. ಆವತ್ತು ಕಂಬಳಿ ಹೊದಿಸಿದ ನರ್ಸ್ ಅವನ ಜೊತೆ ಇಸ್ಪೀಟ್ ಆಡುತ್ತಿದ್ದರು.